ಹೂ ಮಳೆಗೆ ಕಾಯುವುದಾ, ಸ್ಪ್ರಿಂಕ್ಲರ್ ಹಾಕುವುದಾ?

ಅಣ್ಣಾ, ವಾರದಿಂದ ಮಧ್ಯಾಹ್ನ ಮೋಡ ಕಟ್ಟುತ್ತದೆ, ಸಂಜೆ ಗಾಳಿ ಹೊತ್ತುಕೊಂಡು ಹೋಗುತ್ತದೆ, ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲಾ, ಹೂ ಮಳೆಗೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆಗೆ) ಕಾಯಲಾ ಅಂತ ಮೋಡದ ಫೋಟೋ ಹಾಕಿ ಕೇಳಿದ್ದೀರಿ.

ಆ ಮೋಡವನ್ನು ಗಾಳಿ ಹೊತ್ತುಕೊಂಡು ಹೋಗಿಲ್ಲ. ಜಾಸ್ತಿ ಪಾಲು ನಿಮ್ಮ ತಲೆ ಮೇಲೆಯೇ ಆರಿಹೋಗಿದೆ. ಮೋಡ ಅಂದ್ರೆ ನೀರು ತುಂಬಿಟ್ಟ ಚೀಲ ಅಲ್ವಲ್ಲ. ಬಿಸಿಲಿಗೆ ಕಾದ ಗಾಳಿ ಮೇಲೇಳುತ್ತದೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿಯಂತೆ ತಣ್ಣಗಾಗುತ್ತದೆ, ಒಂದು ಎತ್ತರಕ್ಕೆ ಹೋದ ಮೇಲೆ ಅದರಲ್ಲಿರುವ ಆವಿ ಧೂಳು, ಹೊಗೆ, ಸಮುದ್ರದ ಉಪ್ಪಿನ ಕಣಗಳ ಮೇಲೆ ಸಣ್ಣ ಹನಿಯಾಗಿ ಕೂರುತ್ತದೆ. ಕೆಳಗಿಂದ ಗಾಳಿ ಏಳುತ್ತಿರುವಷ್ಟು ಹೊತ್ತು ಮೋಡ. ಹೊತ್ತು ಇಳಿದು ನೆಲದ ಕಾವು ಕಮ್ಮಿಯಾದರೆ ಸುತ್ತಲಿನ ಒಣಗಾಳಿ ಸೇರಿ ಹನಿ ಮತ್ತೆ ಆವಿ.

ಮೋಡದ ಬುಡ ಎಷ್ಟು ಎತ್ತರದಲ್ಲಿದೆ ಅಂತ ಮನೆಯಲ್ಲೇ ನೋಡಬಹುದು. ಒಂದು ಹೊಳೆಯುವ ಸ್ಟೀಲ್ ಚೊಂಬಿಗೆ ಅರ್ಧ ನೀರು ಹಾಕಿ, ನೆರಳಲ್ಲಿಟ್ಟು, ಐಸ್ ಚೂರನ್ನು ಒಂದೊಂದಾಗಿ ಬಿಡುತ್ತಾ ಥರ್ಮಾಮೀಟರಿನಿಂದ ಕಲಕುತ್ತಿರಿ (ಜ್ವರ ನೋಡುವುದು ಆಗಲ್ಲ, ಅಷ್ಟು ಕೆಳಗೆ ತೋರಿಸಲ್ಲ). ಚೊಂಬಿನ ಹೊರಮೈ ಮಸುಕಾಗಿ, ಬೆರಳಾಡಿಸಿದರೆ ಗೆರೆ ಮೂಡುವ ಹೊತ್ತಿಗೆ ಎಷ್ಟು ಡಿಗ್ರಿ ಅಂತ ಬರೆದುಕೊಳ್ಳಿ, ಗಾಳಿಯಲ್ಲಿರುವ ಆವಿ ಹನಿಯಾಗುವುದು ಅಷ್ಟು ತಣ್ಣಗಾದಾಗ. ನೆರಳಿನ ಗಾಳಿ 32, ಚೊಂಬು ಬೆವರಿದ್ದು 18 ಅಂದುಕೊಳ್ಳಿ. ವ್ಯತ್ಯಾಸ 14. ಡಿಗ್ರಿಗೆ 125 ಮೀಟರ್ ಹಿಡಿದರೆ ಬುಡ ತೋಟದಿಂದ 1,750 ಮೀಟರ್ ಮೇಲೆ. ತೋಟ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಇದ್ದರೆ, ವ್ಯತ್ಯಾಸ 7ರ ಹತ್ತಿರ ಬಂದಾಗ ಮೋಡ 1,930 ಮೀಟರಿನ ಮುಳ್ಳಯ್ಯನಗಿರಿ ತುದಿಗೆ ತಾಗಬೇಕು. ನಾನು ಅಂಗಳದಲ್ಲಿ ಲೆಕ್ಕ ಹಾಕಿ ತಲೆ ಎತ್ತಿ ಗಿರಿ ನೋಡುತ್ತೇನೆ, ಸರಿಹೋದ ದಿನ ಆಗುವ ಖುಷಿಯೇ ಬೇರೆ.

ಆದರೆ ಬುಡ ಕೆಳಗಿದ್ದರೆ ಸಾಲದು. ಮೋಡದ ಒಂದು ಹನಿ ಸುಮಾರು 0.02 ಮಿ.ಮೀ. ಇರುತ್ತದೆ. 2 ಮಿ.ಮೀ.ನ ಒಂದು ಮಳೆಹನಿಗೆ ಅಂಥವು 10 ಲಕ್ಷ ಸೇರಬೇಕು, ಅದಕ್ಕೆ ಮೋಡ ಎತ್ತರಕ್ಕೆ ಬೆಳೆಯಬೇಕು. ಹಾಗಾಗಿ ಕಪ್ಪು ನೋಡಬೇಡಿ, ಮೋಡದ ನೆತ್ತಿ ನೋಡಿ. ಹೂಕೋಸಿನ ಹಾಗೆ ಗಟ್ಟಿ ಅಂಚಿದ್ದು, ಹತ್ತು ನಿಮಿಷ ಬಿಟ್ಟು ನೋಡಿದಾಗ ಇನ್ನೂ ಮೇಲೆದ್ದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಸುಮಾರು 5 ಕಿ.ಮೀ. ದಾಟಿದರೆ ಅಲ್ಲಿ ಹೆಪ್ಪುಗಟ್ಟುವ ಚಳಿ. ನೆತ್ತಿಯ ಹನಿ ಮಂಜುಗಡ್ಡೆಯಾಗಿ ನಾರುನಾರಾಗಿ ಹರಡಿದರೆ ಗುಡುಗು ಮಳೆ ಎಲ್ಲೋ ಶುರುವಾಗಿದೆ. ಮೂರು ಗಂಟೆಗೇ ನೆತ್ತಿ ಚಪ್ಪಟೆಯಾಗಿ ಅಂಚು ಹರಿದು ಹೋಗುತ್ತಿದ್ದರೆ ಅವತ್ತು ಸಾಮಾನ್ಯವಾಗಿ ಏನೂ ಇಲ್ಲ.

ನಿಮ್ಮ ಫೋಟೋದಲ್ಲಿ ಅಂಚು ಹರಿದಿದೆ. ಮೊಗ್ಗು ತಯಾರಿದ್ದು ಕೆರೆಯಲ್ಲಿ ನೀರಿದ್ದರೆ ನಾನಾದರೆ ಕಾಯಲ್ಲ. ಹಾಕಿದರೆ ಪೂರ್ತಿ ಒಂದು ಇಂಚು ಹಾಕಿ. 20 ಸೆಂಟ್ಸ್, 30 ಸೆಂಟ್ಸ್ (ನೂರು ಸೆಂಟ್ಸ್ ಅಂದ್ರೆ ಒಂದು ಇಂಚು) ಹಾಕಿ ನಿಲ್ಲಿಸಿದರೆ ಹೂ ಸರಿಯಾಗಿ ಬಿಡಲ್ಲ. ನೀರಿಗೆ ಮುಂಚೆ ನಾಲ್ಕು ದಿನ ಮಧ್ಯಾಹ್ನ ಒಂದು ಗಂಟೆಗೆ ಚೊಂಬು ನೋಡಿ ಲೆಕ್ಕ ಇಲ್ಲಿ ಬರೆಯಿರಿ. ವ್ಯತ್ಯಾಸ ದಿನದಿನಕ್ಕೂ ಇಳಿಯುತ್ತಾ, ನೆತ್ತಿಯೂ ಏಳುತ್ತಿದ್ದರೆ ಪಂಪ್ ಎರಡು ದಿನ ತಡೆದು ನೋಡೋಣ.