ಡ್ರಮ್ ನೀರು ಚೆಲ್ಲಿ ಅಂದ್ರೆ ಹೇಗೆ ಡಾಕ್ಟ್ರೇ?

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಡೆಂಗಿ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಬೇರೆ ವಿಷಯ ಬೇಡ.

ಪ್ರಶ್ನೆ: ನಮ್ಮೂರಲ್ಲಿ ನಲ್ಲಿ ನೀರು ಬರೋದು ಐದು ದಿನಕ್ಕೊಂದು ಸಲ. ಎರಡು ಡ್ರಮ್ಮು, ಒಂದು ಸಿಮೆಂಟ್ ತೊಟ್ಟಿ ತುಂಬಿಸಿಕೊಳ್ಳುತ್ತೇವೆ. ಆಶಾ ಅಕ್ಕ ಬಂದು ಟಾರ್ಚ್ ಬಿಟ್ಟು ನೋಡಿ, "ಹುಳ ಇದೆ, ಚೆಲ್ಲಿಬಿಡಿ" ಅಂತಾರೆ. ಚೆಲ್ಲಿದ್ರೆ ನಾವೇನು ಕುಡಿಯೋದು? ಮನೆ ಮುಂದೆ ಚರಂಡಿ ಗಬ್ಬು ನಾರುತ್ತಿದೆ. ಅದು ಬಿಟ್ಟು ನಮ್ಮ ಡ್ರಮ್ಮೇ ಕಣ್ಣಿಗೆ ಬೀಳೋದಾ ಡಾಕ್ಟ್ರೇ? – ಓದುಗರು, ಪಾವಗಡ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟಿನಲ್ಲಿ ತಪ್ಪಿಲ್ಲ ತಾಯಿ. ಐದು ದಿನಕ್ಕೊಮ್ಮೆ ನೀರು ಬಿಟ್ಟು, ಕೂಡಿಟ್ಟ ನೀರು ಚೆಲ್ಲಿ ಅಂದ್ರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಆಶಾ ಅಕ್ಕ ಹುಡುಕಿದ ಜಾಗ ಸರಿ ಇದೆ. ಚರಂಡಿಯಲ್ಲಿ ಹುಟ್ಟುವ ಸೊಳ್ಳೆಯೇ ಬೇರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಮ್ಮ ಡ್ರಮ್ಮಿನ ತಿಳಿ ನೀರೇ ಬೇಕು. ಕಾಲ ಮೇಲೆ ಬಿಳಿ ಪಟ್ಟೆ ಇರುತ್ತದೆ, ಕಚ್ಚುವುದು ಹಗಲು ಹೊತ್ತು. ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದೂ ಇಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದ್ದೋ ಪಕ್ಕದ ಮನೆಯದ್ದೋ ಆಗಿರುತ್ತದೆ.

ನೀರು ಚೆಲ್ಲಬೇಡಿ, ಸೋಸಿ. ನಲ್ಲಿ ಬರುವ ಹಿಂದಿನ ದಿನ ಡ್ರಮ್ಮಿನ ತಳದಲ್ಲಿ ಸ್ವಲ್ಪವೇ ನೀರಿರುತ್ತದೆ ಅಲ್ವಾ? ಹಳೇ ಹತ್ತಿ ಪಂಚೆಯನ್ನು ಎರಡು ಮಡಿಕೆ ಮಾಡಿ, ಅದರಲ್ಲಿ ಸೋಸಿ ಕೊಡಕ್ಕೆ ತುಂಬಿಕೊಳ್ಳಿ. ಬಟ್ಟೆಯಲ್ಲಿ ಉಳಿದ ಹುಳವನ್ನು, ಅಂದ್ರೆ ಸೊಳ್ಳೆ ಮರಿಯನ್ನು, ಒಣ ನೆಲಕ್ಕೆ ಕೊಡವಿ, ಸಾಯುತ್ತವೆ. ಚರಂಡಿಗೆ ಹಾಕಬೇಡಿ.

ಇನ್ನು ಮುಖ್ಯವಾದ ಕೆಲಸ. ಖಾಲಿ ಡ್ರಮ್ಮಿನ ಒಳಗೆ ಟಾರ್ಚ್ ಬಿಟ್ಟು, ನೀರು ನಿಂತಿದ್ದ ಗೆರೆಯ ಹತ್ತಿರ ನೋಡಿ. ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಅಂಟಿಕೊಂಡಿರುತ್ತವೆ. ಅವೇ ಮೊಟ್ಟೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದರೆ ಮರಿಯಾಗುತ್ತವೆ. ಸುಮ್ನೆ ನೀರು ಚೆಲ್ಲಿ ಮತ್ತೆ ತುಂಬಿಸಿದರೆ ಏನೂ ಪ್ರಯೋಜನವಿಲ್ಲ ಅನ್ನುವುದು ಇದಕ್ಕೇ. ತೆಂಗಿನ ನಾರು ತಗೊಂಡು ಆ ಗೆರೆಯನ್ನು ಗಟ್ಟಿಯಾಗಿ ಉಜ್ಜಿ ತೊಳೆಯಿರಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಉಜ್ಜಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ.

ತುಂಬಿಸಿದ ಮೇಲೆ ಡ್ರಮ್ಮಿನ ಬಾಯಿಗೆ ಬಟ್ಟೆ ಬಿಗಿದು, ಹಳೇ ಸೈಕಲ್ ಟ್ಯೂಬಿನಿಂದ ಸುತ್ತ ಕಟ್ಟಿ. ಜೋತು ಬಿದ್ದು ನೀರಿಗೆ ತಾಗಬಾರದು. ತೊಟ್ಟಿಯನ್ನು ವಾರ ವಾರ ತೊಳೆಯಲು ಆಗದಿದ್ದರೆ ಗಪ್ಪಿ ಮೀನು ಬಿಡಿ, ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ.

ಹಿತ್ತಲಿಗೂ ಒಂದು ಸುತ್ತು ಹಾಕಿ. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ ಒರಳುಕಲ್ಲಿನ ಗುಳಿಯಲ್ಲಿ ಮಳೆ ನೀರು ನಿಂತಿರುತ್ತದೆ. ನಾನು ಹಳ್ಳಿ ಸುತ್ತುವಾಗ ಮೊದಲು ಬಗ್ಗಿ ನೋಡುವುದೇ ಅದನ್ನು. ಅದನ್ನು ಬೋರಲು ಹಾಕಲು ಆಗುವುದಿಲ್ಲ, ಗುಳಿಗೆ ಮರಳು ತುಂಬಿಬಿಡಿ. ಕಲಗಚ್ಚಿನ ಬಾನಿಯನ್ನೂ ಮರೆಯಬೇಡಿ.

ಪ್ರಶ್ನೆ: ನಮ್ಮದು ಅಡಿಕೆ, ಸ್ವಲ್ಪ ರಬ್ಬರ್. ತೋಟದಲ್ಲೂ ಡೆಂಗಿ ಸೊಳ್ಳೆ ಇರುತ್ತದಾ? – ಓದುಗರು, ಸುಳ್ಯ

ಉತ್ತರ: ಖಂಡಿತ ಇರುತ್ತದೆ. ರಬ್ಬರ್ ಹಾಲು ತೆಗೆಯುವುದು ನಿಲ್ಲಿಸಿದಾಗ ಮರಕ್ಕೆ ಕಟ್ಟಿದ ಗೆರಟೆ, ಪ್ಲಾಸ್ಟಿಕ್ ಬಟ್ಟಲುಗಳನ್ನೆಲ್ಲ ಕವುಚಿ ಹಾಕಿ. ಬಿದ್ದ ಅಡಿಕೆ ಹಾಳೆ ಅಂಗಾತ ಬಿದ್ದರೆ ಅಂಗೈಯಷ್ಟು ನೀರು ನಿಲ್ಲುತ್ತದೆ, ಸೊಳ್ಳೆಗೆ ಅಷ್ಟು ಸಾಕು. ವಾರಕ್ಕೊಮ್ಮೆ ಹೆಕ್ಕಿ ಮಳೆ ಬೀಳದ ಕಡೆ ರಾಶಿ ಹಾಕಿಸಿ. ಕೆಲಸದವರಿಗೆ ತುಂಬು ತೋಳಿನ ಅಂಗಿ ಇರಲಿ.

ಪ್ರಶ್ನೆ: ಪಂಚಾಯಿತಿಯವರು ಒಂದು ಸಂಜೆ ಹೊಗೆ ಬಿಟ್ಟು ಹೋದರು. ಈಗ ಹುಳ ಸಿಕ್ಕರೆ ನಮಗೇ ದಂಡ ಅಂತಾರೆ. ನಿಜವಾ? – ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ನಿಜ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟರೆ ಹಳ್ಳಿಯ ಮನೆಗೆ 200 ರೂಪಾಯಿ, ನಗರದ ಮನೆಗೆ 400 ರೂಪಾಯಿ ದಂಡ ಎಂದಿತು. ಹೊಗೆಗೆ ಹಾರುವ ಸೊಳ್ಳೆ ಮಾತ್ರ ಸಾಯುತ್ತದೆ, ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ನನ್ನ ಕೇಳಿದರೆ, ದಂಡಕ್ಕಿಂತ ಮೊದಲು ನೀರು ಕೊಡಬೇಕು. ದಿನಾ ನೀರು ಬರುವ ಊರಲ್ಲಿ ಯಾರೂ ಡ್ರಮ್ ತುಂಬಿಸಿಡುವುದಿಲ್ಲ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನೀರು ಬಿಡುವ ದಿನ ಜಾಸ್ತಿ ಮಾಡಿ, ಅಲ್ಲಿಯವರೆಗೆ ಪ್ರತಿ ಮನೆಗೂ ಗಟ್ಟಿ ಮುಚ್ಚಳ ಕೊಡಿಸಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಪ್ರಶ್ನೆ: ಮಗನಿಗೆ ಡೆಂಗಿ. ಪ್ಲೇಟ್‌ಲೆಟ್ 60 ಸಾವಿರ ಇತ್ತು. ಪರಂಗಿ ಎಲೆ ರಸ ಕುಡಿಸಿದೆವು. ಐದನೇ ದಿನ ಜ್ವರ ಬಿಟ್ಟಿದೆ, ಸುಸ್ತು ಮಾತ್ರ ಇದೆ. ಹೊಲಕ್ಕೆ ಹೋಗಬಹುದಾ? – ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಇವರಿಗೆ ಅಂದೇ ಫೋನ್ ಮಾಡಿ ಮಾತಾಡಿದೆ. ಎಲ್ಲರಿಗೂ ಗೊತ್ತಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯ. "ವಾಸಿಯಾಯ್ತು" ಅಂತ ಮನೆಯವರು ನಿರಾಳವಾಗುವುದೂ ಆಗಲೇ. ರಕ್ತನಾಳದಿಂದ ನೀರಿನಂಶ ಸೋರಿ ರಕ್ತದೊತ್ತಡ ಕುಸಿಯುವುದು ಈ ಹೊತ್ತಿನಲ್ಲಿ. ಹಾಗಾಗಿ ಹೊಲ ಇರಲಿ, ದನ ಹೊಡೆದುಕೊಂಡು ಹೋಗುವುದೂ ಬೇಡ.

ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸಂಖ್ಯೆ ಒಂದನ್ನೇ ನೋಡಿಕೊಂಡು ಗಾಬರಿಯಾಗಬೇಡಿ. ರಕ್ತ ಸೋರದಿದ್ದರೆ 60 ಸಾವಿರಕ್ಕೆ ಪ್ಲೇಟ್‌ಲೆಟ್ ಕೊಡುವ ಅಗತ್ಯವಿಲ್ಲ. ಆರು ಗಂಟೆಗೊಮ್ಮೆಯಾದರೂ ಮೂತ್ರ ಹೋಗುತ್ತಿದೆಯಾ ನೋಡಿ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ಪರಂಗಿ ರಸವನ್ನು ನೆಚ್ಚಿಕೊಂಡು ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿ. ಕಹಿಗೆ ವಾಂತಿಯಾದರೆ ಕುಡಿದ ನೀರೂ ಹೋಗುತ್ತದೆ.

ಜ್ವರಕ್ಕೆ ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಸಾಕು. ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿಯಾಗಬಹುದು. "ಒಂದು ಸೂಜಿ ಹಾಕಿಬಿಡಿ" ಅಂತ ಒತ್ತಾಯ ಮಾಡಲೇಬೇಡಿ. ಜ್ವರ ಇರುವಷ್ಟು ದಿನ ಹಗಲೂ ಸೊಳ್ಳೆಪರದೆಯೊಳಗೇ ಮಲಗಿಸಿ. ಅವನನ್ನು ಕಚ್ಚಿದ ಸೊಳ್ಳೆಯೇ ಮುಂದೆ ಮನೆಯ ಉಳಿದವರಿಗೆ ರೋಗ ತರುತ್ತದೆ.

ಹೊಟ್ಟೆ ಜೋರಾಗಿ ನೋಯುವುದು, ವಾಂತಿ ನಿಲ್ಲದಿರುವುದು, ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಕೈಕಾಲು ತಣ್ಣಗಾಗುವುದು, ಮಗು ಮಂಕಾಗುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೊರಡಿ, ರಕ್ತ ಪರೀಕ್ಷೆಯ ಚೀಟಿಗಳು ಜೊತೆಯಲ್ಲಿರಲಿ.