ಐಡಿ ಇದ್ದರೂ ಒಂದೇ ಹಾಲಿಗೆ ಎರಡು ಎಂಟ್ರಿ ಯಾಕೆ?

ಪ್ರಶ್ನೆ: ನಮ್ಮೂರ ಹಾಲು ಸಂಘಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಣ್ಣ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಪ್ರತಿ ಟೇಬಲ್‌ಗೂ ಐಡಿಯೇ ಪ್ರೈಮರಿ ಕೀ (ಸಾಲನ್ನು ಗುರುತಿಸುವ ಕಾಲಂ). ಆದರೂ ಕೆಲವರ ಹಾಲು ಎರಡು ಸಲ ದಾಖಲಾಗುತ್ತಿದೆ. ಸದಸ್ಯರ ಪಟ್ಟಿಯಲ್ಲೂ ಕೆಲವು ಹೆಸರು ಎರಡೆರಡು ಸಲ ಇವೆ. ಮೊಬೈಲ್ ನಂಬರನ್ನೇ ಪ್ರೈಮರಿ ಕೀ ಮಾಡಿದರೆ ಸರಿಹೋಗುತ್ತದಾ?

ಉತ್ತರ: ಮೊಬೈಲ್ ನಂಬರ್ ಬೇಡ. ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿ ಮನೆಯಲ್ಲಿ ಒಂದೇ ಫೋನ್ ಇರಬಹುದು. ಬಿಟ್ಟ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ.

ಐಡಿ ಇರಲಿ. ಆದರೆ ಅದು ಸಾಲಿಗೆ ಕೊಟ್ಟ ನಂಬರ್ ಅಷ್ಟೇ. ಸೇವ್ ಬಟನ್ ಎರಡು ಸಲ ಒತ್ತಿದರೆ 501, 502 ಅಂತ ಎರಡು ಐಡಿ ಸಿಗುತ್ತವೆ. ಡೇಟಾಬೇಸ್‌ಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಾಲಿನ ಟೇಬಲ್‌ಗೆ ಸದಸ್ಯ ಸಂಖ್ಯೆ, ತಾರೀಖು, ಪಾಳಿ ಈ ಮೂರನ್ನೂ ಸೇರಿಸಿ ಯೂನಿಕ್ ಕನ್‌ಸ್ಟ್ರೈಂಟ್ (ಅದೇ ಜೋಡಣೆ ಎರಡನೇ ಸಲ ಬರದಂತೆ ತಡೆಯುವ ನಿಯಮ) ಹಾಕಿ. ಅದಕ್ಕೂ ಮೊದಲು ಸಂಘದ ಕಾರ್ಯದರ್ಶಿಯವರನ್ನು ಕೇಳಿ: ಒಂದೇ ಪಾಳಿಯಲ್ಲಿ ಹಸುವಿನ ಹಾಲು, ಎಮ್ಮೆ ಹಾಲು ಬೇರೆ ಬೇರೆ ಅಳೆಯುತ್ತಾರಾ? ಹಾಗಿದ್ದರೆ ಹಾಲಿನ ಬಗೆಯೂ ಸೇರಬೇಕು. ಇದನ್ನು ಕೋಡ್ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಈ ಕಾಲಂಗಳಿಗೆಲ್ಲ ನಾಟ್ ನಲ್ (ನಲ್ ಅಂದರೆ ಖಾಲಿ, ಅದನ್ನು ಬಿಡುವಂತಿಲ್ಲ ಎಂಬ ನಿಯಮ) ಕೂಡ ಹಾಕಿ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಎರಡು ನಲ್‌ಗಳನ್ನು ಒಂದೇ ಎಂದು ನೋಡುವುದಿಲ್ಲ. ಪಾಳಿ ಖಾಲಿ ಇರುವ ಸಾಲುಗಳು ಎಷ್ಟು ಬೇಕಾದರೂ ನುಸುಳಿಬಿಡುತ್ತವೆ.

‘ಮೊದಲು ಸೆಲೆಕ್ಟ್ ಮಾಡಿ ನೋಡು, ಇಲ್ಲದಿದ್ದರೆ ಇನ್ಸರ್ಟ್ ಮಾಡು’ ಅನ್ನುವ ಕೋಡ್ ಸಾಲದು. ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದರೆ ಎರಡಕ್ಕೂ ‘ಇಲ್ಲ’ ಎಂದೇ ಉತ್ತರ ಸಿಗಬಹುದು. ಪೋಸ್ಟ್‌ಗ್ರೆಸ್ ಆವೃತ್ತಿ 9.5ರಿಂದ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ (ನಕಲಾದರೆ ಏನೂ ಮಾಡಬೇಡ) ಇದೆ, ಆದರೆ ಇಲ್ಲಿ ಅದನ್ನು ಬಳಸಬೇಡಿ. ಎರಡನೇ ಎಂಟ್ರಿಯ ಲೀಟರ್ ಬೇರೆ ಇದ್ದರೂ ಅದು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅದು ರೈತರ ದುಡ್ಡು ಅಲ್ವಾ? ಎರರ್ ಬರಲಿ, ಕಂಪ್ಯೂಟರ್ ಮುಂದೆ ಕೂತವರು ನೋಡಿ ಸರಿಮಾಡಲಿ.

ಸದಸ್ಯರಿಗೆ ಷೇರು ರಿಜಿಸ್ಟರ್‌ನ ಸಂಖ್ಯೆಯನ್ನೇ ಯೂನಿಕ್ ಮಾಡಿ. ಹೆಸರಿಗೆ ಯೂನಿಕ್ ಹಾಕಬೇಡಿ, ಒಂದೇ ಊರಲ್ಲಿ ಇಬ್ಬರು ಕೊಟ್ರಪ್ಪ ಇರುತ್ತಾರೆ. ಹೆಸರನ್ನು ಅನುಮಾನದ ಸಾಲು ಹುಡುಕಲು ಬಳಸಿ. ಅಲ್ಲೂ ಕನ್ನಡದ್ದೇ ಒಂದು ತೊಡಕಿದೆ. ‘ಕೊ’ ಅಕ್ಷರದ ಸ್ವರಚಿಹ್ನೆ ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಇರಬಹುದು, ಎರಡು ಕೋಡ್ ಸೇರಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಪೋಸ್ಟ್‌ಗ್ರೆಸ್‌ಗೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತರುವ, ಆವೃತ್ತಿ 13ರಿಂದ ಇರುವ ನಾರ್ಮಲೈಸ್ ಫಂಕ್ಷನ್ ಹಾಕಿ ಆಮೇಲೆ ಹೋಲಿಸಿ.

ಟೇಬಲ್‌ನಲ್ಲಿ ಈಗಿರುವ ನಕಲು ತೆಗೆಯುವವರೆಗೆ ಕನ್‌ಸ್ಟ್ರೈಂಟ್ ಕೂರುವುದಿಲ್ಲ. ಬ್ಯಾಕಪ್ ತೆಗೆದುಕೊಂಡು ಗ್ರೂಪ್ ಬೈ, ಹ್ಯಾವಿಂಗ್ ಕೌಂಟ್‌ನಿಂದ ಒಂದಕ್ಕಿಂತ ಹೆಚ್ಚು ಸಲ ಬಂದವುಗಳ ಪಟ್ಟಿ ಮಾಡಿ. ನಕಲು ಸದಸ್ಯರ ಹೆಸರಲ್ಲಿರುವ ಹಾಲಿನ ಎಂಟ್ರಿಗಳನ್ನು ಉಳಿಸುವ ಸಾಲಿಗೆ ವರ್ಗಾಯಿಸಿ, ಆಮೇಲೆ ಡಿಲೀಟ್ ಮಾಡಿ.