ವೈರ್‌ಲೆಸ್ ಮೈಕು ಕರಕರ ಎಂದರೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಊರಹಬ್ಬದಲ್ಲಿ ಪೌರಾಣಿಕ ನಾಟಕ ಆಡುತ್ತೇವೆ. ನಾಲ್ಕು ಮುಖ್ಯ ಪಾತ್ರಗಳಿಗೆ ಯುಎಚ್‌ಎಫ್ ಕಾಲರ್ ಮೈಕು. ಫ್ರೀಕ್ವೆನ್ಸಿಗಳನ್ನು 520.000, 520.400, 520.800, 521.200 ಮೆಗಾಹರ್ಟ್ಸ್‌ಗೆ ಇಟ್ಟಿದ್ದೇವೆ. ಒಂದೊಂದನ್ನೇ ಆನ್ ಮಾಡಿದರೆ ಯಾವ ತೊಂದರೆಯೂ ಇಲ್ಲ. ಗದಾಯುದ್ಧದಲ್ಲಿ ಭೀಮ, ದುರ್ಯೋಧನ ಹತ್ತಿರ ಬಂದರೆ ಮಾತ್ರ ಕೃಷ್ಣನ ಮೈಕಿನಲ್ಲಿ ಕರಕರ ಶುರುವಾಗುತ್ತದೆ. ಸೆಟ್ಟು ಕೆಟ್ಟಿದೆಯೇ?
– ಓದುಗರು, ಪಾಂಡವಪುರ

ಉತ್ತರ: ಸೆಟ್ಟು ಕೆಟ್ಟಿಲ್ಲ. ಫ್ರೀಕ್ವೆನ್ಸಿಗಳನ್ನು ಸಮ ಅಂತರದಲ್ಲಿ ಜೋಡಿಸಿರುವುದೇ ತಪ್ಪು. ಎರಡು ಟ್ರಾನ್ಸ್‌ಮಿಟರ್ ಪಕ್ಕಪಕ್ಕ ಬಂದಾಗ ಒಂದರ ಅಲೆ ಇನ್ನೊಂದರ ಔಟ್‌ಪುಟ್ ಸರ್ಕ್ಯೂಟಿಗೆ ನುಗ್ಗಿ, ಯಾರೂ ಕಳಿಸದ ಹೊಸ ಅಲೆಗಳು ಹುಟ್ಟುತ್ತವೆ. ಇದಕ್ಕೆ ಇಂಟರ್‌ಮಾಡ್ಯುಲೇಷನ್ ಎನ್ನುತ್ತಾರೆ. ಲೆಕ್ಕ ಸುಲಭ: ಒಂದನ್ನು ಎರಡರಿಂದ ಗುಣಿಸಿ, ಇನ್ನೊಂದನ್ನು ಕಳೆಯಿರಿ. ದುರ್ಯೋಧನನದು 520.000, ಭೀಮನದು 520.400 ಎಂದುಕೊಳ್ಳಿ. 520.400ರ ಎರಡರಷ್ಟು 1040.800; ಅದರಲ್ಲಿ 520.000 ಕಳೆದರೆ ಉಳಿಯುವುದು 520.800. ಅದೇ ಕೃಷ್ಣನ ಮೈಕಿನ ಜಾಗ!

520.000, 520.400, 521.600, 522.400 – ಹೀಗೆ ಇಟ್ಟು ನೋಡಿ. ಇಲ್ಲಿ ಯಾವ ಎರಡು ಜೋಡಿಯ ಅಂತರವೂ ಒಂದೇ ಅಲ್ಲ. ಹಾಗಾಗಿ ಈ ಬಗೆಯ ಅಲೆಗಳು ಹುಟ್ಟಿದರೂ ನಿಮ್ಮ ನಾಲ್ಕರ ಮೇಲೆ ಬಂದು ಕೂರುವುದಿಲ್ಲ. ಸೆಟ್ಟಿನಲ್ಲಿ ಗ್ರೂಪ್, ಚಾನೆಲ್ ಎಂದು ಕಂಪನಿಯೇ ಹಾಕಿಕೊಟ್ಟಿದ್ದರೆ ನಾಲ್ಕನ್ನೂ ಒಂದೇ ಗ್ರೂಪಿನಿಂದ ಆರಿಸಿ. ಲೆಕ್ಕವನ್ನು ಅವರೇ ಮಾಡಿಟ್ಟಿರುತ್ತಾರೆ. ಬಾಡಿಗೆಗೆ ತಂದ ಬೇರೆ ಬ್ರಾಂಡಿನ ಮೈಕು ಸೇರಿಸಿದರೆ ಆ ಲೆಕ್ಕ ನಡೆಯದು, ಗುಣಿಸಿ ಕಳೆದು ನೋಡಲೇಬೇಕು.

ಹೊಂದಿಸುವಾಗ ಮೊದಲು ಲೈಟು, ಎಲ್‌ಇಡಿ ವಾಲ್ ಎಲ್ಲ ಆನ್ ಆಗಿರಲಿ, ಮೈಕುಗಳೆಲ್ಲ ಆಫ್ ಆಗಿರಲಿ. ರಿಸೀವರ್‌ನಲ್ಲಿ ಸ್ಕ್ಯಾನ್ ಮಾಡಿ ಖಾಲಿ ಜಾಗ ಹುಡುಕಿ. ಮೊದಲ ಮೈಕು ಹೊಂದಿಸಿ, ಅದನ್ನು ಆಫ್ ಮಾಡದೆ ಎರಡನೆಯದಕ್ಕೆ ಹೋಗಿ. ಕೊನೆಗೆ ಈ ಪರೀಕ್ಷೆ ಮಾಡಿ: ಕೃಷ್ಣನ ಪ್ಯಾಕ್ (ನಡುವಿಗೆ ಕಟ್ಟುವ ಟ್ರಾನ್ಸ್‌ಮಿಟರ್ ಡಬ್ಬಿ) ಆಫ್, ಅವನ ರಿಸೀವರ್ ಆನ್. ಭೀಮ, ದುರ್ಯೋಧನರನ್ನು ಒಂದಡಿ ಅಂತರದಲ್ಲಿ ನಿಲ್ಲಿಸಿ. ಕೃಷ್ಣನ ರಿಸೀವರ್‌ನಲ್ಲಿ ಆರ್‌ಎಫ್ ಗೀಟುಗಳು (ರೇಡಿಯೊ ಸಿಗ್ನಲ್‌ನ ಬಲ ತೋರಿಸುವ ಗೆರೆಗಳು) ಏಳಬಾರದು. ಎದ್ದರೆ ಆ ಫ್ರೀಕ್ವೆನ್ಸಿ ಬದಲಿಸಿ. ಪ್ರತಿ ಪಾತ್ರಕ್ಕೂ ಹೀಗೆಯೇ ನೋಡಿ. ಒಂದೊಂದೇ ಮೈಕು ಆನ್ ಮಾಡಿ ನೋಡುವುದರಿಂದ ಈ ದೋಷ ಎಂದೂ ಸಿಗುವುದಿಲ್ಲ. ಪ್ಯಾಕಿನಲ್ಲಿ ಪವರ್ ಕಡಿಮೆ ಮಾಡುವ ಅವಕಾಶವಿದ್ದರೆ 10 ಮಿಲಿವ್ಯಾಟ್‌ಗೆ ಇಳಿಸಿ, ಹಳ್ಳಿಯ ರಂಗಮಂಟಪಕ್ಕೆ ಅಷ್ಟು ಸಾಕು.

ವೇಷವನ್ನೂ ಒಮ್ಮೆ ನೋಡಿ. 520 ಮೆಗಾಹರ್ಟ್ಸ್‌ನ ಕಾಲು ತರಂಗಾಂತರ ಸುಮಾರು 14 ಸೆಂಟಿಮೀಟರ್. ಪ್ಯಾಕಿನಿಂದ ಇಳಿಬಿದ್ದ ಆ ತುಂಡು ವೈರೇ ಆಂಟೆನಾ. ಅದನ್ನು ಸುತ್ತಿ ನಡುಕಟ್ಟಿಗೆ ಸಿಕ್ಕಿಸಿ, ಮೇಲೆ ತಗಡಿನ ಎದೆಕವಚ ಬಿಗಿದರೆ ಸಿಗ್ನಲ್ ಹೊರಬರುವುದು ಹೇಗೆ? ಪ್ಯಾಕನ್ನು ಬಟ್ಟೆಯ ಚೀಲದಲ್ಲಿಟ್ಟು, ಲೋಹದಿಂದಲೂ ಬೆವರುವ ಮೈಯಿಂದಲೂ ದೂರವಾಗಿ, ವೈರು ನೇರ ಇಳಿಬೀಳುವಂತೆ ಕಟ್ಟಿ.

ಪ್ರಶ್ನೆ: ಮೈಸೂರಿನ ಒಂದು ಕಲ್ಯಾಣ ಮಂಟಪದಲ್ಲಿ ಸೌಂಡ್ ನೋಡಿಕೊಳ್ಳುತ್ತೇನೆ. 2.4 ಗಿಗಾಹರ್ಟ್ಸ್‌ನ ಮೈಕು ಹಿಂದಿನ ಸಂಜೆ ಚೆನ್ನಾಗಿರುತ್ತದೆ, ಮುಹೂರ್ತದ ಹೊತ್ತಿಗೆ ಪುರೋಹಿತರ ಮಾತು ತುಂಡುತುಂಡಾಗುತ್ತದೆ. ಆಕಾಶವಾಣಿಯ ಎಫ್‌ಎಂ ಅಡ್ಡಬರುತ್ತಿರಬಹುದೇ?
– ಓದುಗರು, ಮೈಸೂರು

ಉತ್ತರ: ಇಲ್ಲ. ಮೈಸೂರು ಎಫ್‌ಎಂ ಇರುವುದು 100.6 ಮೆಗಾಹರ್ಟ್ಸ್‌ನಲ್ಲಿ, ನಿಮ್ಮ ಮೈಕು 2400ರ ಮೇಲೆ. ಅಡ್ಡಬರುತ್ತಿರುವವರು ನಿಮ್ಮ ನೆಂಟರೇ. ಒಬ್ಬೊಬ್ಬರ ಜೇಬಿನಲ್ಲೂ ವೈಫೈ, ಬ್ಲೂಟೂತ್ ಇರುವ ಮೊಬೈಲ್. ವೈಫೈನ ಒಂದು ಪಟ್ಟಿಯೂ ಬ್ಲೂಟೂತ್ ಪೂರ್ತಿಯೂ ಇದೇ 2.4ರಲ್ಲಿ. ಮೇಲಾಗಿ ನೀರು ತುಂಬಿದ ಮನುಷ್ಯದೇಹ ಈ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಖಾಲಿ ಹಾಲಿನಲ್ಲಿ ಎರಡೂ ಇರುವುದಿಲ್ಲ.

ರಿಸೀವರ್ ಹಾಲಿನ ಹಿಂದೆ ಮಿಕ್ಸರ್ ಪಕ್ಕದಲ್ಲಿದ್ದರೆ ಅದನ್ನು ಮಂಟಪದ ಪಕ್ಕಕ್ಕೆ ತಂದು, ಆರೇಳಡಿ ಎತ್ತರದ ಸ್ಟ್ಯಾಂಡಿನಲ್ಲಿ, ಜನರ ತಲೆಗಿಂತ ಮೇಲೆ ಇಡಿ. ಅಲ್ಲಿಂದ ಮಿಕ್ಸರ್‌ಗೆ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯಿರಿ. ಕೇಬಲ್ ಉದ್ದವಾದರೆ ಚಿಂತೆಯಿಲ್ಲ, ಗಾಳಿಯ ದಾರಿ ಚಿಕ್ಕದಿರಲಿ. ಮಂಟಪದ ರೂಟರ್ 5 ಗಿಗಾಹರ್ಟ್ಸ್‌ಗೆ ಬದಲಾಗಲಿ. ವಿಡಿಯೊದವರು ಲೈವ್ ಮಾಡಲು ತಂದ ರೂಟರ್ ರಿಸೀವರ್ ಪಕ್ಕ ಕೂರದಿರಲಿ. ಇಷ್ಟಾದರೂ ಸಾವಿರ ಜನ ಸೇರುವ ಕಡೆಗೆ ನಾವು 2.4ರ ಮೈಕನ್ನು ಹೇಳುವುದಿಲ್ಲ. ಯುಎಚ್‌ಎಫ್ ತನ್ನಿ, ಜೊತೆಗೆ ಪುರೋಹಿತರ ಪಕ್ಕ ಒಂದು ವೈರ್ ಮೈಕು ಚಾನೆಲ್ ಹಾಕಿ ಸಿದ್ಧವಿರಲಿ. ಮಾಂಗಲ್ಯಧಾರಣೆಯ ಮಂತ್ರವನ್ನು ಎರಡನೇ ಸಲ ಹೇಳಿಸುವಂತಿಲ್ಲ.

ಪ್ರಶ್ನೆ: ಹಳೆಯ ಕೈ ಮೈಕು, ಹಿಂದೆ ಲೇಬಲ್ ಮೇಲೆ 780 ಮೆಗಾಹರ್ಟ್ಸ್ ಎಂದಿದೆ. ಈಚೆಗೆ ಸದಾ ಗೊರಗೊರ. ರಿಪೇರಿ ಆಗುತ್ತದೆಯೇ?
– ಓದುಗರು, ಮದ್ದೂರು

ಉತ್ತರ: 700 ಬ್ಯಾಂಡ್ 2022ರಲ್ಲಿ ಹರಾಜಾಗಿ 5ಜಿ ಸೇವೆಗೆ ಹೋಗಿದೆ. ಅದರಲ್ಲಿ 758ರಿಂದ 803 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಟವರ್‌ನಿಂದ ಮೊಬೈಲಿಗೆ ಬರುವ ದಾರಿ. ನಿಮ್ಮ ಮೈಕು ಅದರ ನಡುವೆಯೇ ಇದೆ. ಮೊದಲು ಹೊಸ ಬ್ಯಾಟರಿ ಹಾಕಿ ನೋಡಿ. ಆಮೇಲೆ ಮೈಕು ಆಫ್ ಮಾಡಿ, ರಿಸೀವರ್ ಮಾತ್ರ ಆನ್ ಇಡಿ. ಆರ್‌ಎಫ್ ದೀಪ ಆಗಲೂ ಉರಿಯುತ್ತಿದ್ದರೆ ಹೊರಗಿನ ಸಿಗ್ನಲ್ ಎಂದೇ ಅರ್ಥ. ಸ್ಕ್ವೆಲ್ಚ್ (ದುರ್ಬಲ ಸಿಗ್ನಲ್ ಬಂದಾಗ ಸದ್ದು ಮುಚ್ಚುವ ಮಿತಿ) ಏರಿಸಿದರೆ ಮೈಕು ಆಫ್ ಇದ್ದಾಗಿನ ಸದ್ದು ನಿಲ್ಲಬಹುದು, ಆದರೆ ಮೈಕು ಕೆಲಸ ಮಾಡುವ ದೂರವೂ ಕುಗ್ಗುತ್ತದೆ. ಫ್ರೀಕ್ವೆನ್ಸಿ ಬದಲಿಸಲು ಬಾರದ ಸೆಟ್ಟಾದರೆ ರಿಪೇರಿಗೆ ದುಡ್ಡು ಹಾಕಬೇಡಿ. ಹೊಸದು ಕೊಳ್ಳುವಾಗ ಡಬ್ಬಿಯ ಮೇಲಿನ ಫ್ರೀಕ್ವೆನ್ಸಿ ಓದಿ. 700ರಿಂದ ಮೇಲಿನದಾದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.